ಬೆನ್ನಿಗೆ ಬಿದ್ದವಳು

ಜುಲೈ ೩

ಅಕ್ಕನ ಹಳೆಯದೊಂದನ್ನು ಇವತ್ತು ಮತ್ತೆ ನನ್ನ ತಲೆಗೆ ಕಟ್ಟಿದರು. ಈ ಸಲ ಸ್ವೆಟರೂ ಅಲ್ಲ, ಶಾಲೆಯ ಚೀಲವೂ ಅಲ್ಲ. ಬ್ಯಾಕ್‌ಸ್ಟ್ರೋಕ್.

ಕಟ್ಟಿದವರು ನಮ್ಮ ಕೋಚ್. ಬಾಯಿಗಿಂತ ಸೀಟಿಯಲ್ಲೇ ಹೆಚ್ಚು ಮಾತಾಡುವುದರಿಂದ ಕಾಲೇಜಿಗೆಲ್ಲ ಅವರು ಸೀಟಿ ಮೇಡಂ. ಅಭ್ಯಾಸ ಮುಗಿಸಿ ಕಿವಿ ಒರೆಸಿಕೊಳ್ಳುತ್ತಿದ್ದವಳ ಎದುರು ಬಂದು ನಿಂತು, "ಮೆಡ್ಲೆ ರಿಲೇಲಿ ಬ್ಯಾಕ್‌ಸ್ಟ್ರೋಕ್ ನೀನು ಮಾಡು. ನಿಮ್ಮಕ್ಕ ಬರೋ ತನಕ," ಎಂದರು. ಈ ರಿಲೇಯಲ್ಲಿ ನಾಲ್ಕು ಜನ, ನಾಲ್ಕು ಬಗೆಯ ಈಜು, ಒಬ್ಬೊಬ್ಬರಿಗೆ ಕೊಳದ ಒಂದು ಉದ್ದ. ಮೊದಲು ಹೋಗುವುದು ಬ್ಯಾಕ್‌ಸ್ಟ್ರೋಕ್, ಅದು ಅಕ್ಕನದಾಗಿತ್ತು. ಕೊನೆಯದು ಫ್ರೀಸ್ಟೈಲ್, ಅದು ನನ್ನದು. ಈಗ ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ರಕ್ತದಲ್ಲಿ ಏನೋ ಎಡವಟ್ಟಾಗಿದೆಯಂತೆ. ಕೆಲವು ತಿಂಗಳು ಔಷಧಿ ಕೊಟ್ಟು ನೋಡೋಣ ಎಂದಿದ್ದಾರೆ.

ಫ್ರೀಸ್ಟೈಲ್ ಎಂದರೆ ಮುಖವನ್ನು ನೀರಿಗೆ ಹಾಕಿ, ಉಸಿರು ಬಿಗಿಹಿಡಿದು, ತಲೆಗೆ ಯೋಚನೆ ಬರುವುದರೊಳಗೆ ಮುಗಿಸಿಬಿಡುವ ಕೆಲಸ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಅಂಗಾತ ಮಲಗಿ ಚಾವಣಿ ನೋಡುತ್ತ, ಎಲ್ಲಿಗೆ ಹೋಗುತ್ತಿದ್ದೇನೆಂದು ಕಾಣದೆ ಹೋಗುವುದು ಅಕ್ಕನಿಗೇ ಸರಿ. ಅವಳಿಗೆ ತಾಳ್ಮೆ ಜಾಸ್ತಿ, ನಂಬಿಕೆಯೂ ಜಾಸ್ತಿ.

"ಬೇರೆ ಯಾರೂ ಸಿಗ್ಲಿಲ್ವಾ ಮೇಡಂ?" ಎಂದೆ.

"ಸಿಕ್ಕಿದ್ರೆ ನಿನ್ನ ಮುಖ ನೋಡ್ತಿದ್ನಾ? ಇನ್ನೊಂದು ವಿಷ್ಯ. ರಿಲೇಲಿ ಮೊದಲು ಹೋಗೋರ ಟೈಮ್ ಮಾತ್ರ ದಾಖಲೆಗೂ ಲೆಕ್ಕಕ್ಕೆ ಬರುತ್ತೆ. ಮೈಮೇಲೆ ಜ್ಞಾನ ಇಟ್ಕೊಂಡು ಈಜು."

ನನಗೆ ನಗು ಬಂತು. ಕೊಳದ ಗೋಡೆಯ ಮೇಲೆ ಕಾಲೇಜಿನ ದಾಖಲೆಗಳ ಮರದ ಹಲಗೆ ಇದೆ. ಬ್ಯಾಕ್‌ಸ್ಟ್ರೋಕ್ ಐವತ್ತು ಮೀಟರಿನ ಮುಂದೆ ಬಿಳಿ ಬಣ್ಣದಲ್ಲಿ ಅಕ್ಕನ ಹೆಸರಿದೆ. ನನ್ನ ಹೆಸರು ಎಲ್ಲೂ ಇಲ್ಲ. ನಾನು ಅವಳ ದಾಖಲೆ ಮುರಿಯುವುದು ಹಾಗಿರಲಿ, ಅವಳ ಜಾಗಕ್ಕೆ ಟವೆಲ್ ಹಾಸಿ ಕಾದಿಟ್ಟಿರುವವಳು ಅಷ್ಟೆ. ಬಂದ ಕೂಡಲೇ ಎತ್ತಿಕೊಳ್ಳುತ್ತೇನೆ.

ಜುಲೈ ೭

ತಲೆ ಬುರುಡೆ ಗೋಡೆಗೆ ಬಡಿಯಿತು. ಟೊಮೇಟೊ ಗಾತ್ರದ ಬುಗುಟು ಎದ್ದಿದೆ.

ಬೆನ್ನ ಮೇಲೆ ಈಜುವವರಿಗೆ ಗೋಡೆ ಕಾಣುವುದಿಲ್ಲವೆಂದು ಕೊಳದ ಎರಡು ತುದಿಯಲ್ಲೂ, ಗೋಡೆಗೆ ಸ್ವಲ್ಪ ಮುಂಚೆ, ತಲೆಯ ಮೇಲೆ ಅಡ್ಡ ಹಗ್ಗಕ್ಕೆ ಬಣ್ಣದ ಬಾವುಟ ಕಟ್ಟಿರುತ್ತಾರೆ. ಬಾವುಟ ದಾಟಿದ ಮೇಲೆ ಎಷ್ಟು ಸಲ ಕೈ ಬೀಸಿದರೆ ಗೋಡೆ ಸಿಗುತ್ತದೆಂದು ಪ್ರತಿಯೊಬ್ಬರಿಗೂ ಒಂದು ಲೆಕ್ಕ ಇರುತ್ತದೆ. ಅದಕ್ಕೆ ಎಣಿಕೆ ಎನ್ನುತ್ತೇವೆ. ಅಕ್ಕನ ಎಣಿಕೆ ಐದು. ನಾನು ಚಿಕ್ಕವಳಾಗಿದ್ದಾಗಿನಿಂದ ಕೇಳಿದ್ದು ಅದೇ. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆಯ ಹಿಂದಿನ ದಿನ ಹಾಸಿಗೆಯಲ್ಲಿ, ಹೆದರಿಕೆಯಾದಾಗೆಲ್ಲ ಒಂದು ಎರಡು ಮೂರು ನಾಲ್ಕು ಐದು ಎಂದು ಗೊಣಗುತ್ತಿದ್ದಳು. ನಾನೂ ಐದು ಎಣಿಸಿದೆ. ನಾಲ್ಕು ಮುಗಿಯುವಷ್ಟರಲ್ಲೇ ಗೋಡೆ ಬಂದುಬಿಟ್ಟಿತು.

ನಮ್ಮ ತಂಡದ ಕಪ್ಪೆ (ಬ್ರೆಸ್ಟ್‌ಸ್ಟ್ರೋಕ್ ಮಾಡುವವಳು, ಮಾತಿಗೆ ಮುಂಚೆ ನಗುವವಳು, ನನ್ನ ಜೀವದ ಗೆಳತಿ) ಬುಗುಟಿನ ಮೇಲೆ ಮಂಜುಗಡ್ಡೆ ಒತ್ತುತ್ತ, "ಗೋಡೆಗೇನೂ ಆಗಿಲ್ಲ, ನಾನು ನೋಡ್ದೆ," ಎಂದಳು. ನಾನು ನಾಳೆಯಿಂದ ಕೊನೆಯಲ್ಲಿ ಕೈಯನ್ನು ಚಿಕ್ಕದಾಗಿ ಬೀಸುತ್ತೇನೆ. ಆಗ ಐದು ಸರಿಹೋಗುತ್ತದೆ.

ಜುಲೈ ೧೨

ಆಸ್ಪತ್ರೆಯಲ್ಲಿ ಅಕ್ಕನ ಕೋಣೆ ಮೂರನೇ ಮಹಡಿಯಲ್ಲಿದೆ. ಒಂದು ಕಿಟಕಿ, ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಅಂಟಿಸಿದ ಕೈ ತೊಳೆಯುವ ಸೂಚನೆ. ಅಮ್ಮ ಕುರ್ಚಿಯಲ್ಲಿ ಕೂತು ನನ್ನ ಹಳೆಯ ನೀಲಿ ಅಂಗಿಯ ಪಕ್ಕಗಳನ್ನು ಒಳಗೆ ಹಿಡಿದು ಹೊಲಿಯುತ್ತಿದ್ದಳು. ಅಮ್ಮ ಬಟ್ಟೆ ಅಂಗಡಿಯಲ್ಲಿ ಅಳತೆ ಸರಿಮಾಡುವ ಕೆಲಸದವಳು. ನಾನು ಅಕ್ಕನಿಗಿಂತ ಉದ್ದ ಬೆಳೆದುಬಿಟ್ಟಿದ್ದರಿಂದ ಅವಳ ಬಟ್ಟೆಗಳ ತೋಳು ಬಿಚ್ಚಿ, ಅಂಚು ಬಿಚ್ಚಿ ನನಗೆ ಹೊಂದಿಸುವುದು ಇಷ್ಟು ವರ್ಷದ ರೂಢಿ. ಈಗ ಅಕ್ಕನ ಬಟ್ಟೆಗಳೆಲ್ಲ ಅವಳಿಗೇ ಜೋತುಬೀಳುತ್ತಿವೆ, ಎಷ್ಟು ಒಳಗೆ ಹಿಡಿದು ಹೊಲಿದರೂ ಸಾಲದೆ ಅಮ್ಮ ನಾನು ಒಂಬತ್ತನೇ ತರಗತಿಯಲ್ಲಿ ಹಾಕುತ್ತಿದ್ದದ್ದನ್ನು ಹುಡುಕಿ ತಂದಿದ್ದಾಳೆ.

"ಕೊನೆಗೂ ನನ್ನ ಹಳೇದು ನಿನಗೆ ಬಂತು ನೋಡು," ಎಂದೆ. ಅಕ್ಕ ನಕ್ಕಳು. ಅಮ್ಮ ನಗಲಿಲ್ಲ. ಬಾಯಿಗೆ ಬಂದದ್ದನ್ನು ಆಡಿಬಿಡುವ ನನ್ನ ಚಾಳಿ ಯಾವಾಗ ಹೋಗುತ್ತದೋ.

ಅಷ್ಟರಲ್ಲಿ ನರ್ಸ್ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರು ನಿಮಗಿಂತ ದೊಡ್ಡೋರಾ?" ಎಂದು ಅಕ್ಕನನ್ನು ಕೇಳಿದರು.

"ಅಯ್ಯೋ ಇಲ್ಲ, ನನ್ನ ಬೆನ್ನಿಗೆ ಬಿದ್ದವಳು. ಗಿಡ ಮಾತ್ರ ಉದ್ದ, ಬುದ್ಧಿ ಇನ್ನೂ ಮೊಳಕೆ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಈಗ ಬೆನ್ನ ಈಜಿಗೂ ಬಿದ್ದಿದಾಳೆ," ಎಂದಳು. ಸೀಟಿ ಮೇಡಂ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾರೆ.

ನೀನು ಬರುವ ತನಕ ಅಷ್ಟೆ ಎಂದೆ. ಸರಿ ಎಂದಳು.

ಜುಲೈ ೨೦

ಇವತ್ತು ತಂಡದ ಎಲ್ಲರ ಟೈಮ್ ತೆಗೆದರು. ನನ್ನದು ಅಕ್ಕನ ಟೈಮಿಗಿಂತ ಚೂರು ಹಿಂದೆ. ಗಾಗಲ್ಸಿಗೆ ನೀರು ನುಗ್ಗಿತ್ತು.

ಸೀಟಿ ಮೇಡಂ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದರು. "ಮುಕ್ಕಾಲು ದೂರ ಚೆನ್ನಾಗಿ ಬರ್ತೀಯ. ಬಾವುಟ ದಾಟಿದ ಕೂಡ್ಲೇ ಯಾಕೆ ಕೈ ಮಡಚ್ಕೋತೀಯ? ತಲೆ ಬಡಿದಿದ್ದು ಇನ್ನೂ ಭಯಾನಾ?"

ಹೌದು ಎಂದೆ. ಭಯವೇ ಇರಬೇಕು.

ಫ್ರೀಸ್ಟೈಲಿನಲ್ಲಿ ಮಾತ್ರ ಇವತ್ತು ಎಲ್ಲರನ್ನೂ ಹಿಂದೆ ಹಾಕಿದೆ. ಆ ಗೋಡೆ ಕಣ್ಣಿಗೆ ಕಾಣುತ್ತದಲ್ಲ.

ಜುಲೈ ೨೯

ಅಕ್ಕನ ತಲೆಕೂದಲು ಪೂರ್ತಿ ಹೋಯಿತು. ಅಳುತ್ತಿರುತ್ತಾಳೆಂದುಕೊಂಡು ಮುಖ ಸಪ್ಪೆ ಮಾಡಿಕೊಂಡೇ ಒಳಗೆ ಹೋದೆ. ಅವಳು ಬೋಳುತಲೆಯನ್ನು ಸವರಿಕೊಳ್ಳುತ್ತ, "ಈಜೋರಿಗೆ ಇದಕ್ಕಿಂತ ಬೇಕಾ? ಟೋಪಿ ಖರ್ಚೂ ಇಲ್ಲ, ನೀರೂ ಹಿಡಿಯಲ್ಲ," ಎಂದಳು. ನನ್ನ ಕೈ ಹಿಡಿದು ಅಲ್ಲಿ ಸವರಿಸಿದಳು. ಬೆಚ್ಚಗಿತ್ತು, ತುಂಬ ಚಿಕ್ಕದಾಗಿತ್ತು.

ಹೊರಗೆ ಬಂದಾಗ ಅಪ್ಪ ಕಾರಿಡಾರಿನ ಕೊನೆಯಲ್ಲಿ ಡಾಕ್ಟರ ಜೊತೆ ನಿಂತಿದ್ದ. ಡಾಕ್ಟರು ಮಾತಾಡುತ್ತಿದ್ದರು, ಅಪ್ಪ ತಲೆಯಾಡಿಸುತ್ತಿದ್ದ. ಅಪ್ಪ ಬೇಕರಿಯ ವ್ಯಾನ್ ಓಡಿಸುತ್ತಾನೆ. ಬೆಳಿಗ್ಗೆ ಬ್ರೆಡ್ಡು ಹಂಚಲು ಹೋಗುವಾಗ ನನ್ನನ್ನು ಕೊಳದ ಹತ್ತಿರ ಇಳಿಸುತ್ತಾನೆ. ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲದೆ ಯಾವ ಅಂಗಡಿಯವನು ಎಷ್ಟು ಜುಗ್ಗ, ಯಾವನ ನಾಯಿ ಯಾರನ್ನು ಕಚ್ಚಿತು ಎಂದು ಹೇಳುವವನು. ಇವತ್ತು ಮನೆಯ ತನಕ ಒಂದೇ ಒಂದು ಮಾತಾಡಲಿಲ್ಲ. ಡಾಕ್ಟರು ಏನೆಂದರು ಎಂದು ನಾನೂ ಕೇಳಲಿಲ್ಲ.

ಆಗಸ್ಟ್ ೬

ಕಪ್ಪೆ ನನ್ನ ಮೇಲೆ ಹರಿಹಾಯ್ದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ, ಎಲ್ಲರೂ ಹೋದ ಮೇಲೆ. ಇದು ಅವಳ ಕೊನೆಯ ವರ್ಷ. ಅಕ್ಟೋಬರಿನ ಸ್ಪರ್ಧೆಯಲ್ಲಿ ಮೊದಲ ಮೂರರಲ್ಲಿ ಬಂದರೆ ನಮ್ಮ ರಿಲೇ ಮುಂದಿನ ಹಂತಕ್ಕೆ ಹೋಗುತ್ತದೆ, ಇಲ್ಲವಾದರೆ ಅವಳ ಈಜು ಅಲ್ಲಿಗೆ ಮುಗಿಯಿತು.

"ನೀನು ಕೊನೇಲಿ ಬ್ರೇಕ್ ಹಾಕ್ತೀಯ. ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ನೀನು ಗೋಡೆ ಮುಟ್ಟೋದನ್ನೇ ನೋಡ್ತಾ ಮೇಲೆ ನಿಂತಿರೋಳು ನಾನು."

"ನನ್ನ ಎಣಿಕೆ ಇನ್ನೂ ಕೂತಿಲ್ಲ."

"ಒಂದು ತಿಂಗಳಾಯ್ತು. ಮಗು ನಡೆಯೋದು ಕಲಿಯುತ್ತೆ."

ನನಗೂ ರೇಗಿತು. ಇದು ನನ್ನ ಈಜಲ್ಲ, ನಾನು ಕೇಳಿ ಪಡೆದದ್ದಲ್ಲ, ಅಕ್ಕ ಬಂದು ಸರಿಮಾಡುತ್ತಾಳೆ ಎಂದು ಕೂಗಿದೆ. ಕಪ್ಪೆ ತಕ್ಷಣ ಸುಮ್ಮನಾದಳು. ಅವಳು ಸುಮ್ಮನಾದದ್ದು ನನಗೆ ಹಿಡಿಸಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಗಸ್ಟ್ ೧೦

ಕಪ್ಪೆ ಆಸ್ಪತ್ರೆಗೆ ಬಂದು ನಾನು ಈಜುವುದನ್ನು ಫೋನಿನಲ್ಲಿ ಅಕ್ಕನಿಗೆ ತೋರಿಸಿದಳು. ನನ್ನನ್ನು ಒಂದು ಮಾತೂ ಕೇಳದೆ. ಅಕ್ಕ ದಿಂಬಿಗೆ ಒರಗಿ ಎರಡು ಸಲ ನೋಡಿದಳು. ಮೂರನೇ ಸಲ ನೋಡಲು ಕೈ ಎತ್ತಿ ಹಿಡಿಯಲಾಗಲಿಲ್ಲ, ಫೋನನ್ನು ಹೊದಿಕೆಯ ಮೇಲಿಟ್ಟಳು. ಕಪ್ಪೆಯನ್ನು ಹೊರಗೆ ಕಳಿಸಿದಳು.

"ಎಷ್ಟು ಎಣಿಸ್ತಿದೀಯ?"

"ಐದು."

"ಐದು ನಂದು."

"ಗೊತ್ತು."

"ನಿನ್ನ ತೋಳಿಗೆ ನಾಲ್ಕೇ ಆಗೋದು. ನೀನು ಐದು ಹಿಡಿಸೋಕೆ ಅಂತ ಕೈ ಗಿಡ್ಡ ಮಾಡ್ಕೋತಿದೀಯ."

ನಾನು ಕಿಟಕಿಯ ಕಡೆ ನೋಡಿದೆ. ಎದುರಿನ ಕಟ್ಟಡದ ಮೇಲೆ ಯಾರೋ ಹಾಸಿಗೆ ಹೊದಿಕೆಗಳನ್ನು ಒಣಗಿಸುತ್ತಿದ್ದರು.

"ನನ್ನ ಹೆಸರು ಅಳಿಸಿ ಹೋಗುತ್ತೆ ಅಂತಾನಾ?" ಎಂದು ಕೇಳಿದಳು.

ಅದನ್ನು ಅವಳು ಹೇಳುವ ತನಕ ನನಗೇ ಗೊತ್ತಿರಲಿಲ್ಲ. ಹಾಗೆಂದೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ಅಲ್ಲ ಎಂದೆ. ನನಗೆ ಈ ಈಜೇ ಬರುವುದಿಲ್ಲ, ಅಷ್ಟೆ ಎಂದೆ.

"ಸುಳ್ಳಿ. ಎದುರಿಗೆ ಕೂತು ಹಸೀ ಸುಳ್ಳು ಹೇಳ್ತೀಯ. ನೀನು ನಿಧಾನ ಹೋದ್ರೆ ನಾನು ಬೇಗ ಎದ್ದು ಬರ್ತೀನಾ? ಆ ಹಲಗೆ ಮೇಲೆ ಹೆಸರು ಇಟ್ಕೊಂಡು ನಾನೇನು ಮಾಡ್ಲಿ?"

"ಬಂದು ಈಜು. ನಿನ್ನ ಜಾಗ ನೀನೇ ತಗೋ."

"ನಾನು ಬರಲ್ಲ ಕಣೇ," ಎಂದಳು ಅಕ್ಕ.

ಕೋಪದಲ್ಲಿ ಹೇಳಿದಳೋ, ಸುಸ್ತಿನಲ್ಲಿ ಹೇಳಿದಳೋ. ನಾನು ಎದ್ದು ಬಂದುಬಿಟ್ಟೆ. ಮೆಟ್ಟಿಲಿನ ಹತ್ತಿರ ಕಪ್ಪೆ ಏನೋ ಹೇಳಲು ಬಂದಳು, ಅವಳನ್ನೂ ದಾಟಿಕೊಂಡು ಬಂದೆ.

ಆಗಸ್ಟ್ ೧೩

ಇವತ್ತೂ ಆಸ್ಪತ್ರೆಗೆ ಹೋಗಲಿಲ್ಲ. ಪರೀಕ್ಷೆ ಇದೆ ಎಂದು ಅಮ್ಮನಿಗೆ ಹೇಳಿದೆ. ಪರೀಕ್ಷೆ ಇರುವುದು ಮುಂದಿನ ತಿಂಗಳು.

ಆಗಸ್ಟ್ ೧೬

ಹೋದೆ. ಅಕ್ಕ ನಿದ್ದೆಯಲ್ಲಿದ್ದಳು. ಮೂಗಿಗೆ ಕೊಳವೆ ಹಾಕಿದ್ದಾರೆ. ಅಮ್ಮನನ್ನು ಮನೆಗೆ ಕಳಿಸಿ ನಾನು ಕುರ್ಚಿಯಲ್ಲಿ ಕೂತೆ.

ಎಚ್ಚರವಾದಾಗ ನನ್ನನ್ನು ನೋಡಿ, "ಪರೀಕ್ಷೆ ಹೇಗಾಯ್ತು?" ಎಂದಳು. ಅವಳ ತುಟಿಯ ಒಂದು ಬದಿ ನಗುತ್ತಿತ್ತು. ಚೆನ್ನಾಗಾಯ್ತು ಎಂದೆ.

ಆಮೇಲೆ, "ಬೆನ್ನು ತುರಿಸೇ. ಮಲಗಿ ಮಲಗಿ ಉರಿ ಹತ್ತಿದೆ. ಬೆನ್ನಿಗೆ ಬಿದ್ದವಳು ಅಂದ್ಮೇಲೆ ಈ ಕೆಲ್ಸ ನಿಂದೇ," ಎಂದಳು. ನಿಧಾನವಾಗಿ ಮಗ್ಗುಲಿಗೆ ತಿರುಗಿಸಿದೆ. ನನ್ನ ನೀಲಿ ಅಂಗಿಯ ಹಿಂದಿನ ಗುಂಡಿಗಳನ್ನು ಬಿಚ್ಚಿದೆ. ಬೆನ್ನೆಂದರೆ ನಮ್ಮಕ್ಕನ ಬೆನ್ನು. ಭುಜದ ಎರಡು ಕಡೆ ತುಂಬಿಕೊಂಡು, ಅಂಗಡಿಯಲ್ಲಿ ಯಾವ ಅಂಗಿಯೂ ಹಿಡಿಸದೆ ಅಮ್ಮನ ಪ್ರಾಣ ತಿನ್ನುತ್ತಿತ್ತು. ಈಗ ಎಲುಬುಗಳನ್ನು ಎಣಿಸಬಹುದು. ಉಗುರು ತಾಗಬಾರದೆಂದು ಬೆರಳ ತುದಿಯಲ್ಲೇ ಸವರಿದೆ. ಇನ್ನೂ ಮೇಲೆ ಎಂದಳು, ಸ್ವಲ್ಪ ಎಡಕ್ಕೆ ಎಂದಳು, ಹಾಂ ಅಲ್ಲೇ ಎಂದಳು. ತುರಿಸುತ್ತ ತುರಿಸುತ್ತ ಮತ್ತೆ ನಿದ್ದೆ ಹೋದಳು.

ಅಕ್ಕ, ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಎದ್ದ ಮೇಲೆ ಹೇಳೋಣವೆಂದು ಕೂತೆ. ಅಷ್ಟರಲ್ಲಿ ಅಪ್ಪ ಬಂದ.

ಆಗಸ್ಟ್ ೨೪

ಅಕ್ಕ ಹೋದಳು. ಬೆಳಿಗ್ಗೆ.

ಆಗಸ್ಟ್ ೨೯

ಮನೆ ತುಂಬ ಜನ. ಎಲ್ಲರೂ ನನ್ನ ತಲೆ ಸವರಿ, ಇನ್ನು ಮನೆಗೆ ನೀನೇ ದೊಡ್ಡವಳು ಎನ್ನುತ್ತಾರೆ. ನನಗೆ ದೊಡ್ಡವಳಾಗುವುದು ಬೇಡ.

ಸೆಪ್ಟೆಂಬರ್ ೮

ಅಮ್ಮ ಅಂಗಡಿ ಕೆಲಸಕ್ಕೆ ಮರಳಿದ್ದಾಳೆ. ಅಪ್ಪ ಮರುವಾರದಿಂದಲೇ ವ್ಯಾನ್ ತೆಗೆದಿದ್ದ, ಬ್ರೆಡ್ಡಿಗೆ ರಜೆ ಇಲ್ಲವಲ್ಲ. ಮನೆಯಲ್ಲಿ ಎಲ್ಲವೂ ಮೊದಲಿನಂತೆ ನಡೆಯುತ್ತಿದೆ ಎಂದು ಯಾರಾದರೂ ನೋಡಿದರೆ ಹೇಳಿಯಾರು.

ಒಂದು ಬದಲಾವಣೆ ಇದೆ. ಅಮ್ಮ ನಾನು ಹುಟ್ಟಿದಾಗಿನಿಂದ ನನ್ನನ್ನು ನನ್ನ ಹೆಸರಿನಿಂದ ನೇರವಾಗಿ ಕರೆದವಳಲ್ಲ. ಮೊದಲು ಅಕ್ಕನ ಹೆಸರು ಬಾಯಿಗೆ ಬರುವುದು, ನಾಲಿಗೆ ಕಚ್ಚಿಕೊಳ್ಳುವುದು, ಆಮೇಲೆ ನನ್ನದು. ಚಿಕ್ಕಂದಿನಲ್ಲಿ ಇದಕ್ಕಾಗಿ ಊಟ ಬಿಟ್ಟು ಜಗಳವಾಡಿದ್ದೇನೆ. ನಾನೇನು ಈ ಮನೆಯಲ್ಲಿ ಎರಡನೇ ಪ್ರತಿಯಾ ಎಂದು ಕೇಳಿದ್ದೇನೆ. ಈಗ ಅಮ್ಮ ಒಂದು ಗಳಿಗೆ ನಿಂತು, ಬಾಯೊಳಗೇ ಆರಿಸಿಕೊಂಡು, ನನ್ನ ಹೆಸರನ್ನು ಸರಿಯಾಗಿ ಕರೆಯುತ್ತಾಳೆ. ಒಂದು ಸಲವೂ ತಪ್ಪಿಲ್ಲ. ಆ ಒಂದು ಗಳಿಗೆಯನ್ನು ಕೇಳಿಸಿಕೊಳ್ಳಲಾಗುವುದಿಲ್ಲ. ಅದಕ್ಕೇ ಅವಳು ಕರೆಯುವ ಮೊದಲೇ ಎದ್ದು ಹೋಗಿ ಏನಮ್ಮ ಎನ್ನುತ್ತೇನೆ.

ಸೆಪ್ಟೆಂಬರ್ ೧೫

ಕೊಳಕ್ಕೆ ಹೋದೆ. ಕಪ್ಪೆ ಓಡಿ ಬಂದು ಅಪ್ಪಿಕೊಂಡಳು. ಒದ್ದೆ ಮೈ, ನನ್ನ ಬಟ್ಟೆಯೆಲ್ಲ ತೋಯ್ದಿತು. ಆಗಸ್ಟಿನ ಸಿಟ್ಟು ಇಬ್ಬರಿಗೂ ಮರೆತಿದೆ, ಅಥವಾ ಮರೆತಂತೆ ಇದ್ದೇವೆ.

ಸೀಟಿ ಮೇಡಂ ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡು ಮಾತಾಡಿದರು. ಅಂದರೆ ವಿಷಯ ದೊಡ್ಡದು. "ಬ್ಯಾಕ್‌ಸ್ಟ್ರೋಕಿಗೆ ಮೊದಲ ವರ್ಷದ ಹುಡುಗೀನ ತಯಾರು ಮಾಡಿದೀನಿ. ಅಷ್ಟು ವೇಗ ಇಲ್ಲ, ಪರವಾಗಿಲ್ಲ. ನೀನು ನಿನ್ನ ಫ್ರೀಸ್ಟೈಲ್ ಮಾಡ್ಕೊಂಡಿರು. ಯಾರೂ ಏನೂ ಅನ್ಕೊಳಲ್ಲ."

ಇದಕ್ಕೇ ಅಲ್ಲವೇ ಜುಲೈನಿಂದ ಕಾದಿದ್ದು. ಹೂಂ ಎನ್ನಲು ಬಾಯಿ ತೆರೆದೆ. "ಬೇಡ ಮೇಡಂ, ನಾನೇ ಮಾಡ್ತೀನಿ," ಎಂದು ಬಂತು. ಅವರು ಸೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಆ ಹುಡುಗಿಯನ್ನು ರಿಲೇಯ ಫ್ರೀಸ್ಟೈಲಿಗೆ ಹಾಕಿದರು.

ಅಂಗಾತ ಈಜುವಾಗ ಅತ್ತರೆ ನೀರು ಗಾಗಲ್ಸಿನ ಒಳಗಿನಿಂದ ತುಂಬಿಕೊಳ್ಳುತ್ತದೆ. ಹೊರಗಿನಿಂದ ನುಗ್ಗಿದ ನೀರಿನ ಹಾಗೆ ಚೆಲ್ಲಿ ಹಾಕಿದರೆ ಮುಗಿಯುವುದಿಲ್ಲ, ಮತ್ತೆ ತುಂಬುತ್ತದೆ. ಚಾವಣಿಯ ದೀಪಗಳೆಲ್ಲ ಕಲಸಿಹೋದವು. ಬಾವುಟ ಯಾವಾಗ ದಾಟಿತೆಂದು ತಿಳಿಯದೆ ಪಕ್ಕದ ಲೇನಿನ ಹಗ್ಗ ಹಿಡಿದು ನಿಂತೆ.

ಸೆಪ್ಟೆಂಬರ್ ೨೬

ಇವತ್ತು ಎಲ್ಲರೂ ಹೋದ ಮೇಲೆ ಒಂದೇ ಒಂದು ಸಲ ನಾಲ್ಕು ಎಣಿಸಿ ನೋಡಿದೆ. ತೋಳು ಪೂರ್ತಿ ಚಾಚಿ. ನಾಲ್ಕಕ್ಕೆ ಅಂಗೈ ಗೋಡೆಯ ಮೇಲೆ ಕೂತಿತು, ಮೊದಲೇ ಅಳತೆ ತೆಗೆದು ಹೊಲಿದ ಹಾಗೆ. ಒಂದು ಗಳಿಗೆ ಖುಷಿಯಾಯಿತು. ಆ ಖುಷಿಗೆ ನನ್ನ ಮೇಲೇ ಎಷ್ಟು ಅಸಹ್ಯವಾಯಿತೆಂದರೆ, ಮತ್ತೆ ಐದಕ್ಕೆ ಮರಳಿ ನಾಲ್ಕು ಸಲ ಈಜಿ ಮನೆಗೆ ಬಂದೆ.

ಐದು ಎಂದು ಎಣಿಸುವಾಗ ಅದು ನನ್ನ ದನಿಯಲ್ಲಿ ಕೇಳಿಸುವುದಿಲ್ಲ. ಅವಳ ದನಿಯಲ್ಲಿ ಕೇಳಿಸುತ್ತದೆ. ನಾಲ್ಕಕ್ಕೇ ನಿಲ್ಲಿಸಿದರೆ ಅವಳ ಬಾಯಿ ಮುಚ್ಚಿಸಿದ ಹಾಗೆ. ಇದನ್ನು ಕಪ್ಪೆಗಾಗಲಿ ಸೀಟಿ ಮೇಡಂಗಾಗಲಿ ಹೇಗೆ ಹೇಳುವುದು.

ಅಕ್ಟೋಬರ್ ೫

ಸ್ಪರ್ಧೆ ಮುಗಿಯಿತು.

ಬೆಳಿಗ್ಗೆ ಫ್ರೀಸ್ಟೈಲಿನಲ್ಲಿ ಐದನೆಯವಳಾದೆ. ನನ್ನದೇ ಈಜಿನಲ್ಲಿ ಹೀಗಾದದ್ದು ಇದೇ ಮೊದಲು. ಉಸಿರು ಹಿಡಿಯಲಾಗಲಿಲ್ಲ, ಅರ್ಧ ದಾರಿಯಲ್ಲಿ ಎರಡು ಸಲ ತಲೆ ಎತ್ತಿದೆ. ಸೀಟಿ ಮೇಡಂ ಟವೆಲ್ ಕೊಟ್ಟರು.

ಮಧ್ಯಾಹ್ನ ರಿಲೇ. ನೀರಿಗಿಳಿದು, ಕಂಬಿ ಹಿಡಿದು, ಕಾಲನ್ನು ಗೋಡೆಗೆ ಒತ್ತಿ ಮುದುರಿ ಕೂತೆ. ಕಪ್ಪೆ ಎದುರು ತುದಿಗೆ ಹೋಗಿ ನಿಂತಿದ್ದಳು. ಯಾವಾಗಲೂ ಏನಾದರೊಂದು ತಮಾಷೆ ಮಾಡಿಯೇ ಹೋಗುವವಳು ಇವತ್ತು ತುಟಿ ಕಚ್ಚಿಕೊಂಡು ನಡೆದುಬಿಟ್ಟಿದ್ದಳು. ಐದು ಎಣಿಸುತ್ತೇನೆ ಎಂದುಕೊಂಡಿದ್ದೆ. ಇದನ್ನು ಇಲ್ಲಿ ಬರೆಯಲೇಬೇಕು, ನಾನು ಐದು ಎಣಿಸುವವಳೇ ಇದ್ದೆ.

ಪೀಂ ಎಂದು ಸದ್ದಾಯಿತು. ಆಮೇಲೆ ಚಾವಣಿ. ದೀಪ, ಕಬ್ಬಿಣದ ಅಡ್ಡಪಟ್ಟಿ, ದೀಪ, ಅಡ್ಡಪಟ್ಟಿ. ಪಕ್ಕದ ಲೇನಿನವಳ ನೀರು ಮುಖಕ್ಕೆ ಎರಚಿತು, ಆಮೇಲೆ ಎರಚುವುದು ನಿಂತಿತು, ಅಂದರೆ ಅವಳು ಹಿಂದೆ ಬಿದ್ದಳು. ಕಾಲು ಉರಿಯಲು ಶುರುವಾಯಿತು. ಯಾರ ನೆನಪೂ ಬರಲಿಲ್ಲ. ಬಾವುಟಗಳು ಮೇಲೆ ಹಾದುಹೋದವು. ಒಂದು. ಎರಡು. ಮೂರು. ನಾಲ್ಕು. ಐದಕ್ಕೆ ಜಾಗವಿರಲಿಲ್ಲ. ಕೈ ಗೋಡೆಯ ಮೇಲಿತ್ತು, ಕಪ್ಪೆ ನನ್ನನ್ನು ದಾಟಿ ಆಗಲೇ ನೀರಿನೊಳಗಿದ್ದಳು.

ಮೂರನೆಯವರಾದೆವು. ಕಪ್ಪೆ ಎಲ್ಲರೆದುರು ಹಲ್ಲು ಬಿಟ್ಟು ಗೊಳೋ ಎಂದು ಅತ್ತಳು. ಫ್ರೀಸ್ಟೈಲ್ ಮುಗಿಸಿ ಬಂದ ಮೊದಲ ವರ್ಷದ ಹುಡುಗಿ ಯಾರು ಏಕೆ ಅಳುತ್ತಿದ್ದಾರೆಂದು ಗೊತ್ತಾಗದೆ ಎಲ್ಲರಿಗೂ ನೀರು ಕುಡಿಸಿದಳು.

ನಾನು ಶವರ್ ಕೆಳಗೆ ನಿಂತಿದ್ದಾಗ ಸೀಟಿ ಮೇಡಂ ಬಾಗಿಲ ಹೊರಗಿನಿಂದಲೇ ಹೇಳಿದರು. "ನಿಮ್ಮಕ್ಕನ ಟೈಮ್ ಹೋಯ್ತು. ಕೂದಲೆಳೆಯಷ್ಟು. ಹೋಯ್ತು."

ನಲ್ಲಿ ನಿಲ್ಲಿಸಲಿಲ್ಲ. ಅವರಿಗೆ ಕೇಳಿಸಬಾರದೆಂದು.

ಅಕ್ಟೋಬರ್ ೬

ಸೀಟಿ ಮೇಡಂ ಹತ್ತಿರ ಹೋಗಿ ಹಲಗೆ ಬದಲಿಸಬೇಡಿ ಎಂದು ಬೇಡಿಕೊಂಡೆ. ಆ ಟೈಮ್ ತಪ್ಪಾಗಿ ಬಂದಿದೆಯೆಂದು ಬರೆದುಕೊಡುತ್ತೇನೆ ಎಂದೆ. ಏನೇನೋ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಹಲಗೆ ನಂದೂ ಅಲ್ಲ, ನಿಂದೂ ಅಲ್ಲ. ಅದು ಸಮಾಧಿ ಕಲ್ಲೂ ಅಲ್ಲ. ಅಲ್ಲಿ ಬರೆಯೋದೇ ಅಳಿಸೋಕೆ. ನಿಮ್ಮಕ್ಕ ಬರೋಕೆ ಮುಂಚೆ ಅಲ್ಲಿ ನನ್ನ ಹೆಸರಿತ್ತು, ಗೊತ್ತಾ?"

ಗೊತ್ತಿರಲಿಲ್ಲ. ಅವರು ಯಾವತ್ತೂ ಹೇಳಿಲ್ಲ.

"ನಿಮ್ಮಕ್ಕ ನನ್ನದನ್ನ ಮುರಿದ ದಿನ ನನಗೆ ಇಲ್ಲಿ ಚುರುಕ್ ಅಂತು," ಎಂದು ಎದೆ ಮುಟ್ಟಿಕೊಂಡರು. "ಮಾರನೇ ದಿನ ಅವಳಿಗೆ ಎರಡು ಸುತ್ತು ಜಾಸ್ತಿ ಈಜಿಸಿದೆ. ಅಷ್ಟೇ ನನ್ನ ಕೈಲಿ ಆಗಿದ್ದು."

ಸಂಜೆ ಮನೆಯಲ್ಲಿ ಹೇಳಿದೆ. ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಎರಡು ಮೂರು ಸಲ ತಪ್ಪಿತು. "ಎಷ್ಟರಲ್ಲಿ ಹೋಯ್ತು ಅವಳದು?" ಎಂದು ಕೇಳಿದಳು. ಕೂದಲೆಳೆಯಷ್ಟು ಎಂದೆ. "ಹಾಗಾದ್ರೆ ಜೊತೇಲೇ ಇದ್ದೀರಿ," ಎಂದಳು. ಅಪ್ಪ ಎದ್ದು ಹೊರಗೆ ಹೋಗಿ ವ್ಯಾನಿನ ಗಾಜು ಒರೆಸತೊಡಗಿದ. ಆ ಗಾಜನ್ನು ಅವನು ಬೆಳಿಗ್ಗೆ ತಾನೇ ಒರೆಸಿದ್ದ.

ಅಕ್ಟೋಬರ್ ೧೯

ಹಲಗೆ ಬರೆಯುವ ಪೇಂಟರ್ ಬಂದಿದ್ದ. ಹೆಸರಿನ ಅಕ್ಷರ ತಪ್ಪಬಾರದೆಂದು ಸೀಟಿ ಮೇಡಂ ನನ್ನನ್ನು ತರಗತಿಯಿಂದ ಕರೆಸಿದರು. ಹೋಗಿ ನೋಡಿದರೆ ಅಪ್ಪ ಆಗಲೇ ಅಲ್ಲಿ ನಿಂತಿದ್ದ, ಅಂಗಿಯ ಮೇಲೆಲ್ಲ ಹಿಟ್ಟು. ಅವನಿಗೆ ಯಾರು ಹೇಳಿದರೋ. ಬ್ರೆಡ್ಡಿನ ವ್ಯಾನನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಬಂದಿದ್ದ.

ಪೇಂಟರ್ ಏಣಿ ಹತ್ತಿ ಯಾವ ಸಾಲು ಎಂದು ಕೇಳಿದ. ತೋರಿಸಿದೆ. ಬ್ಲೇಡಿನಿಂದ ಮೊದಲು ಟೈಮನ್ನು ಕೆರೆದ, ಆಮೇಲೆ ವರ್ಷವನ್ನು. ಬಿಳಿಯ ಹುಡಿ ಉದುರಿ ಒದ್ದೆ ನೆಲಕ್ಕೆ ಅಂಟಿಕೊಂಡಿತು.

"ಇವ್ರು ಯಾರು, ನಿಮ್ಮ ಸೀನಿಯರಾ?"

"ಅಕ್ಕ."

"ಓ, ಹಾಗಾದ್ರೆ ಮನೇಲೇ ಉಳೀತು ಬಿಡಿ," ಎಂದು ನಕ್ಕ. ಅವನಿಗೆ ಗೊತ್ತಿಲ್ಲ.

ಅಕ್ಕನ ಹೆಸರನ್ನು ಕೆರೆಯುವಾಗ ನಾನು ಬೇರೆ ಕಡೆ ನೋಡಬೇಕೆಂದಿದ್ದೆ, ಆಗಲಿಲ್ಲ. ಒಂದೊಂದೇ ಅಕ್ಷರ ಹೋಯಿತು. ಅಪ್ಪನ ಉಸಿರು ನನಗೆ ಕೇಳಿಸುತ್ತಿತ್ತು. ಹೆಸರು ಮುಗಿದ ಮೇಲೆ ಪೇಂಟರ್ ಬ್ಲೇಡು ಎತ್ತಿ ಹಿಡಿದ.

"ನಿಮ್ಮಿಬ್ರ ಮನೆಹೆಸರು ಒಂದೇ ಅಲ್ವಾ? ಅದನ್ನ ಕೆರೆಯೋದು ಬೇಡ, ಹಾಗೇ ಇರ್ಲಿ. ಆದ್ರೆ ಹಳೇ ಬಣ್ಣ ಮಾಸಿದೆ, ಹೊಸದರ ಪಕ್ಕ ಎದ್ದು ಕಾಣುತ್ತೆ. ಮೇಲೊಂದು ಕೈ ಬಳಿದುಬಿಡ್ಲಾ?"

"ಬೇಡ," ಎಂದ ಅಪ್ಪ. "ಅದು ದೊಡ್ಡವಳಿಗೆ ಅಂತ ಬರ್ದಿದ್ದು. ಮುಟ್ಟಬೇಡಿ."

ಪೇಂಟರ್ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. ಕುಂಚ ಅದ್ದಿ ನನ್ನ ಹೆಸರು ಬರೆಯತೊಡಗಿದ. ಅಕ್ಕನ ಹೆಸರು ಚಿಕ್ಕದು, ನನ್ನದು ಉದ್ದ. ಇದ್ದ ಜಾಗದಲ್ಲಿ ಹಿಡಿಸಲು ಅಕ್ಷರಗಳನ್ನು ಒತ್ತೊತ್ತಾಗಿ ಬರೆದರೂ ಕೊನೆಯದು ಹೋಗಿ ಅಕ್ಕನ ಮಾಸಲು ಬಿಳಿಗೆ ತಾಗಿಕೊಂಡಿತು.

"ಛೆ, ತಾಗಿಬಿಡ್ತು. ಒರೆಸಿ ಇನ್ನೂ ಸ್ವಲ್ಪ ಸಣ್ಣದಾಗಿ ಬರೀಲಾ?" ಎಂದ.

"ಬೇಡ, ತಾಗಿಕೊಂಡೇ ಇರ್ಲಿ," ಎಂದೆ.

ಬಣ್ಣ ಒಣಗುವ ತನಕ ಅಪ್ಪ, ನಾನು ಅಲ್ಲೇ ನಿಂತಿದ್ದೆವು.